ರಾಗಿ ಡ್ರಮ್ಮಿನಲ್ಲಿ ಬಚ್ಚಿಟ್ಟ ಗೊಂಡೆ

ಮೊದಲೇ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೋದ ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ನಾನು ಒಂದು ಜೊತೆ ಗೊಂಡೆಗಳನ್ನು ರಾಗಿ ಡ್ರಮ್ಮಿನಲ್ಲಿ ಬಚ್ಚಿಟ್ಟೆ. ಬೆಳ್ಳಿ ಮತ್ತು ನೀಲಿ ಬಣ್ಣದ ಹೊಳೆಯುವ ಪ್ಲಾಸ್ಟಿಕ್ಕನ್ನು ಎಳೆಎಳೆಯಾಗಿ ಕತ್ತರಿಸಿ ಕಟ್ಟಿದ ಗೊಂಡೆಗಳು, ಒಂದೊಂದೂ ಹೂಕೋಸಿನಷ್ಟು ದಪ್ಪ. ಕದ್ದ ಮಾಲೇನಲ್ಲ. ಆದರೂ ಗೇಟಿನ ಬಳಿ ತಮ್ಮನ ಕೆಮ್ಮು ಕೇಳಿಸಿದ ಕೂಡಲೇ, ಮೆಟ್ಟಿಲು ಹತ್ತುವುದಕ್ಕೂ ದೇವರ ಹೆಸರು ಹೇಳುವ ನನ್ನ ಈ ಮಂಡಿಗಳು ಅಡುಗೆಮನೆಗೆ ಓಡಿದ ರಭಸ ನೋಡಬೇಕಿತ್ತು.

ನಾನು ಯಾರು ಅಂತ ಹೇಳಿದರೆ ನಿಮಗೆ ಇನ್ನೂ ಬೇಜಾರಾಗುತ್ತದೆ. ಪಾಂಡವಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈಗ ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದೇನೆ. ಒಂದು ಕಾಲದಲ್ಲಿ ಸ್ಕೂಲಿನ ಬ್ಯಾಂಡ್ ಸೆಟ್ಟಿನಲ್ಲಿ ದೊಡ್ಡ ಡೋಲನ್ನು ಹುಡುಗಿಗೆ ಕೊಡಬೇಕೆಂದು ಹೆಡ್‌ಮಾಸ್ಟರ ಜೊತೆ ಜಗಳ ಆಡಿದ್ದೆ. ಹೆಣ್ಣುಮಕ್ಕಳಿಗೆ ಡೋಲು ಭಾರ ಅಂದರು. "ದಿನಾ ಎರಡು ಬಿಂದಿಗೆ ನೀರು ಹೊರೋಳಿಗೆ ಇದು ಭಾರಾನಾ ಸಾರ್?" ಎಂದು ಕೇಳಿದೆ. ಆ ವರ್ಷ ಸ್ವಾತಂತ್ರ್ಯ ದಿನಾಚರಣೆಗೆ ಹುಡುಗಿಯೇ ಡೋಲು ಬಾರಿಸಿದಳು. ಈ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಪಕ್ಕದ ಮನೆಯವರು ನಾನು 'ಎರಡು ಬಿಂದಿಗೆ' ಅನ್ನುವಷ್ಟರಲ್ಲಿ ಒಳಗೆ ಹಾಲು ಉಕ್ಕುತ್ತಿದೆ ಅಂತ ಎದ್ದುಹೋಗುತ್ತಾರೆ. ಅಂಥ ನಾನು ಗೊಂಡೆ ಬಚ್ಚಿಟ್ಟೆ. ಯಾಕೆಂದರೆ ಅವು ಒಬ್ಬ ಹುಡುಗನವು.

ಹುಡುಗ ಅಂದರೆ ಮನೋಜ, ನನ್ನ ತಮ್ಮ ಶಿವರಾಮನ ಮಗ. ತಮ್ಮ ಬೆಳ್ಳೂರಿನ ಹತ್ತಿರದ ನಮ್ಮ ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಮನೋಜ ಪಿಯುಸಿ ಓದುವುದಕ್ಕೆ ನನ್ನ ಮನೆಗೆ ಬಂದ. ಬಂದ ಹೊಸದರಲ್ಲಿ ಕಾಲೇಜಿನ ಕಬಡ್ಡಿ ತಂಡ ಸೇರಿದ. ಅವನು ಎದುರಾಳಿಯ ಕಾಲು ಹಿಡಿದರೆ ಬಿಡುವುದಿಲ್ಲ ಎನ್ನುವುದನ್ನು ಅಲ್ಲಿನ ದೈಹಿಕ ಶಿಕ್ಷಣದ ಮೇಡಂ ನೋಡಿದರು. ಅವರು ಆಗತಾನೆ ಹುಡುಗಿಯರದೊಂದು ಚಿಯರ್ ಲೀಡಿಂಗ್ ತಂಡ, ಎರಡೂ ಕೈಯಲ್ಲಿ ಗೊಂಡೆ ಹಿಡಿದು ಕುಣಿಯುವಂಥದ್ದು, ಕಟ್ಟಿದ್ದರು. ಅದರಲ್ಲಿ ಒಬ್ಬಳನ್ನು ಮೇಲೆತ್ತಿ ನಿಲ್ಲಿಸಬೇಕು, ಅವಳ ಪಾದವನ್ನು ಗಟ್ಟಿಯಾಗಿ ಹಿಡಿದು ಅಲುಗಾಡದೆ ನಿಲ್ಲುವವರು ಬೇಕು. ನಿಯಮದ ಪ್ರಕಾರ ಹುಡುಗರೂ ಇರಬಹುದು. ಹೀಗೆ ಕಬಡ್ಡಿಯವನು ಗೊಂಡೆಯವನಾದ. ಊರಿನಲ್ಲಿ ತಮ್ಮ ಮಾತ್ರ ಮಗ ಇನ್ನೂ ಕಬಡ್ಡಿ ಆಡುತ್ತಿದ್ದಾನೆ ಅಂತಲೇ ಡೈರಿ ಮುಂದೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಚಿಯರ್ ಲೀಡಿಂಗ್ ಅಂದರೆ ನನಗೆ ಗೊತ್ತಿದ್ದದ್ದು ಟೀವಿಯಲ್ಲಿ ಕ್ರಿಕೆಟ್ ನೋಡುವಾಗ ಕಂಡಷ್ಟೇ. ಯಾರೋ ಸಿಕ್ಸರ್ ಹೊಡೆದರೆ ಇನ್ಯಾರೋ ಕುಣಿಯುತ್ತಾರೆ.

"ನೀವು ಕುಣಿಯೋದು ಯಾವ ಟೀಮಿಗೋ?" ಎಂದು ಕೇಳಿದೆ.

"ಯಾವ ಟೀಮಿಗೂ ಅಲ್ಲ ಅತ್ತೆ. ನಮ್ದೇ ಆಟ, ನಮ್ಗೇ ಮಾರ್ಕ್ಸು. ಇದ್ನ ಸುರು ಮಾಡ್ದೋರೇ ಗಂಡಸ್ರಂತೆ ಗೊತ್ತಾ? ಅಮೆರಿಕದ ಕಾಲೇಜ್ನಲ್ಲಿ. ಎಣ್ಮಕ್ಳು ಆಮೇಲ್ ಬಂದ್ರಂತೆ."

ನನಗೆ ಆಶ್ಚರ್ಯವಾಗಬೇಕಿರಲಿಲ್ಲ. ಯಾವುದು ಗಂಡಸಿನ ಕೆಲಸ, ಯಾವುದು ಹೆಂಗಸಿನದು ಅನ್ನುವ ಗೆರೆ ನಾವು ತಿಳಿದುಕೊಂಡಷ್ಟು ಗಟ್ಟಿಯಾಗಿಲ್ಲ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಒಬ್ಬ ಭಟ್ಟರಿದ್ದಾರೆ. ಮಧ್ಯಾಹ್ನದೊಳಗೆ ಇನ್ನೂರು ಮುದ್ದೆ ಕಟ್ಟುವ ಕೈ ಅದು. ಮನೆಗೆ ಹೋದರೆ ಪಕ್ಕದಲ್ಲಿರುವ ಚೊಂಬು ಎತ್ತಿಕೊಡಲಿಕ್ಕೂ ಹೆಂಡತಿಯನ್ನು ಕರೆಯುತ್ತಾರಂತೆ. ಹೊಸಿಲು ದಾಟಿದರೆ ಅಡುಗೆ ಗಂಡಸಿನದು, ಒಳಗೆ ಬಂದರೆ ಹೆಂಗಸಿನದು. ನಮ್ಮ ತಾತನ ವಿಷಯ ಇನ್ನೂ ಚೆನ್ನ. ಪೌರಾಣಿಕ ನಾಟಕದಲ್ಲಿ ಅವರದು ಯಾವಾಗಲೂ ರಾಣಿ ಪಾತ್ರ. ಮೀಸೆ ಬೋಳಿಸಿ, ಅಜ್ಜಿಯ ಮದುವೆ ಸೀರೆ ಉಟ್ಟು ರಂಗಕ್ಕೆ ಬಂದರೆ ಊರಿಗೆ ಊರೇ ಶಿಳ್ಳೆ ಹೊಡೆಯುತ್ತಿತ್ತಂತೆ. ಮಾರನೇ ದಿನ ಅದೇ ತಾತ ನೀರಿನ ಪಾಳಿಗಾಗಿ ಗದ್ದೆ ಬದುವಿನ ಮೇಲೆ ನಿಂತು ಗುಡುಗಿದರೆ ಎದುರು ಮಾತಾಡುವವರಿರಲಿಲ್ಲ. ರಾಣಿ ವೇಷದ ಅವರ ಫೋಟೋ ಇವತ್ತಿಗೂ ತಮ್ಮನ ಮನೆಯ ಪಡಸಾಲೆಯಲ್ಲಿದೆ, ಹೂವಿನ ಹಾರದ ಸಮೇತ.

ಇಷ್ಟೆಲ್ಲ ಗೊತ್ತಿದ್ದೂ ಬಚ್ಚಿಟ್ಟೆನಲ್ಲ, ಅದೇ ನನಗೆ ಬಗೆಹರಿಯದ ವಿಷಯ.

ಮನೋಜನೇನೂ ಬಚ್ಚಿಡು ಅಂದಿರಲಿಲ್ಲ. ಅವನ ಲೆಕ್ಕಾಚಾರವೇ ಬೇರೆ ಇತ್ತು. ಹಬ್ಬ ಕಳೆದ ಎರಡನೇ ದಿನ ಕೆ.ಆರ್. ಪೇಟೆಯಲ್ಲಿ ಸ್ಪರ್ಧೆ. "ಅಬ್ಬಕ್ಕೆ ಓದಾಗ ಅಪ್ಪಂಗೆ ನಾನೇ ಯೇಳ್ತೀನಿ ಅತ್ತೆ. ಬಂದು ನೋಡು ಅಂತ ಕರೀತೀನಿ. ಅಪ್ಪ ಬರ್ಬೇಕು" ಎಂದಿದ್ದ. ಅಪ್ಪ ಬರಬೇಕು ಅನ್ನುವ ಮಾತನ್ನು ಅವನು ದಿನಕ್ಕೊಮ್ಮೆಯಾದರೂ ಆಡುತ್ತಿದ್ದ. ಮಹಡಿಯ ಮೇಲೆ ಅಕ್ಕಿ ಮೂಟೆಯನ್ನು ಎತ್ತಿ ಎದೆಮಟ್ಟಕ್ಕೆ ಹಿಡಿದು, ಒಂದರಿಂದ ಎಂಟರವರೆಗೆ ಎಣಿಸುತ್ತಾ ಅಭ್ಯಾಸ ಮಾಡುವಾಗಲೂ ಕಣ್ಣು ಮೆಟ್ಟಿಲ ಕಡೆಗೇ ಇರುತ್ತಿತ್ತು, ಅಪ್ಪ ಆಗಲೇ ಬಂದು ನಿಂತು ನೋಡುತ್ತಿರುವ ಹಾಗೆ.

ಆ ದಿನ ತಮ್ಮ ಹೇಳದೆ ಕೇಳದೆ ಬಂದ. ಹೋರಿಗಳಿಗೆ ಹೊಸ ಹಗ್ಗ, ಗೆಜ್ಜೆ ಕೊಳ್ಳಲು ಬಂದವನು ಹೆಗಲ ಮೇಲೆ ನನಗೊಂದು ಚೀಲ ರಾಗಿಯನ್ನೂ ಹೊತ್ತು ತಂದಿದ್ದ. ಆ ರಾಗಿಯನ್ನು ತಾನೇ ಡ್ರಮ್ಮಿಗೆ ಸುರಿಯುತ್ತೇನೆ ಅಂತ ಹೊರಟ. ಬೇಡ ಬೇಡ ಅನ್ನುವಷ್ಟರಲ್ಲಿ ಮುಚ್ಚಳ ತೆಗೆದಿದ್ದ.

"ಅಕ್ಕ, ಇದೇನಕ್ಕ ಇದು?"

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದ ಬಾಯಿ ಅರೆಕ್ಷಣವೂ ತಡಮಾಡಲಿಲ್ಲ. "ನಿನ್ನ ಹೋರಿಗಳಿಗೆ ಅಂತ ತಂದಿಟ್ಟಿದ್ದೆ ಕಣೋ. ಹಬ್ಬಕ್ಕೆ ಬಂದಾಗ ಕೊಡೋಣ ಅಂತ."

ತಮ್ಮನ ಮುಖ ಅರಳಿತು. ಅವನಿಗೆ ಆ ಜೋಡಿ ಹೋರಿಗಳೆಂದರೆ ಪ್ರಾಣ. ನಾನೋ, ಅವುಗಳ ಹೆಸರನ್ನೂ ಸರಿಯಾಗಿ ನೆನಪಿಟ್ಟುಕೊಂಡವಳಲ್ಲ. "ನೀನು ನನ್ ಓರಿಗೆ ಅಂತ ತಂದ್ಯಾ!" ಎಂದು ಅವನು ಗೊಂಡೆಗೆ ಹತ್ತಿದ ರಾಗಿಯನ್ನು ಊದಿ ಊದಿ ತೆಗೆದದ್ದು ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಮೇಲೆ ಎಂದಿನ ರೈತನಾದ. "ಒಂದು ಜತೆ ಸಾಲಲ್ವಲ್ಲಕ್ಕ, ಎಲ್ಡು ಓರಿಗೆ ನಾಕು ಕೊಂಬು. ಓಗ್ಲಿ ಬುಡು, ಅಣೆಗೆ ಒಂದೊಂದು ಕಟ್ತೀನಿ." ಕಾಲೇಜಿನಿಂದ ಬಂದ ಮನೋಜ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅಪ್ಪ ಗೊಂಡೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ರಾತ್ರಿ ಊಟಕ್ಕೆ ಕೂತಾಗ ಮನೋಜ ತಟ್ಟೆ ನೋಡುತ್ತಲೇ ಕೇಳಿದ:

"ಅತ್ತೆ, ನಿಂಗೂ ನಾಚ್ಕೆನಾ?"

ಸಾರಿಗೆ ಉಪ್ಪು ಸಾಕಾ ಎಂದು ನಾನು ಕೇಳಿದೆ. ಇಂಥ ಹೊತ್ತಿನಲ್ಲಿ ಉಪ್ಪಿನ ಹಾಗೆ ನೆರವಿಗೆ ಬರುವ ವಸ್ತು ಇನ್ನೊಂದಿಲ್ಲ.

ಹಬ್ಬಕ್ಕೆ ನಾವಿಬ್ಬರೂ ಪಾಂಡವಪುರ, ನಾಗಮಂಗಲದ ಮೇಲೆ ಊರಿಗೆ ಹೋದೆವು. ಬಸ್ಸಿನಲ್ಲಿ ಅವನು ಕಿಟಕಿ ಕಡೆಗೆ ತಿರುಗಿಕೊಂಡೇ ಕೂತಿದ್ದ. ಗೊಂಡೆಯ ವಿಷಯ ಹೇಳಬೇಕಾದರೆ ಈಗ ಅತ್ತೆಯ ಸುಳ್ಳನ್ನೂ ಹೇಳಬೇಕು, ಅಪ್ಪನ ಸಂತೋಷವನ್ನೂ ಕಿತ್ತುಕೊಳ್ಳಬೇಕು. ಅವನ ಬಾಯನ್ನು ನಾನೇ ಕಟ್ಟಿಹಾಕಿದ್ದೆ.

ಊರಿನಲ್ಲಿ ಹೋರಿಗಳ ವೈಭವ ನೋಡಬೇಕಿತ್ತು. ಮೈಗೆ ಅರಿಶಿನ, ಕೊಂಬಿಗೆ ಬಣ್ಣ, ಕೊರಳಲ್ಲಿ ಗೆಜ್ಜೆ, ಬೆನ್ನ ಮೇಲೆ ಜರಿ ಬಟ್ಟೆ, ಹಣೆಯ ನಡುವೆ ನಮ್ಮ ಬೆಳ್ಳಿ-ನೀಲಿ ಗೊಂಡೆ. ತಲೆ ಅಲ್ಲಾಡಿಸಿದರೆ ಗೊಂಡೆ ಜಗ್ ಅಂತ ಮಿಂಚುತ್ತಿತ್ತು. ಹುಡುಗರು ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. "ಎಲ್ಲಿ ತಂದ್ಯೋ ಶಿವ್ರಾಮ?" ಎಂದವರಿಗೆಲ್ಲ ತಮ್ಮ "ನಮ್ಮಕ್ಕ ಕೊಡ್ಸಿದ್ದು" ಅನ್ನುತ್ತಿದ್ದ. ಗುದ್ದಿದರೆ ಗೋಡೆ ಉರುಳಿಸುವ ಹೋರಿಗಳು. ಅಷ್ಟು ಸಿಂಗಾರ ಮಾಡಿಕೊಂಡು ಗೆಜ್ಜೆ ಕುಣಿಸುತ್ತಾ ಬೀದಿಯಲ್ಲಿ ನಡೆದರೆ ಊರಲ್ಲಿ ಒಬ್ಬನಾದರೂ, ಇದೇನು ಹೆಣ್ಣಿನ ಹಾಗೆ ಅಂದನೇ? ಮೀಸೆ ತಿರುವಿಕೊಂಡೇ ಹೊಗಳಿದರು. ಇದನ್ನು ನೋಡುತ್ತಾ ನಿಂತ ಮನೋಜನ ಕೈಯಲ್ಲಿ ಒಂದು ಹೋರಿಯ ಹಗ್ಗವಿತ್ತು.

ಸಂಜೆ ಕಿಚ್ಚು ಹಾಯಿಸಲು ದಾರಿಗೆ ಅಡ್ಡಲಾಗಿ ಹುಲ್ಲು ಹರಡಿದಾಗಲೇ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎಚ್ಚರವಾದದ್ದು. ಗೊಂಡೆ ಪ್ಲಾಸ್ಟಿಕ್ಕು! ಕಿಡಿ ತಗುಲಿದರೆ ಕರಗಿ ಹೋರಿಯ ಹಣೆಗೇ ಅಂಟಿಕೊಳ್ಳುತ್ತದೆ.

"ಶಿವು, ಗೊಂಡೆ ಬಿಚ್ಚೋ! ಪ್ಲಾಸ್ಟಿಕ್ ಕಣೋ ಅದು, ಬೆಂಕಿ ಹಿಡೀತದೆ!"

ತಮ್ಮ ಲಗುಬಗೆಯಿಂದ ಬಿಚ್ಚಿ ಕೈಗೆ ಕೊಟ್ಟ. ಅಲ್ಲಿಗೇ ಸುಮ್ಮನಾಗಬಹುದಿತ್ತು. ಮಾನವೂ ಉಳಿಯುತ್ತಿತ್ತು, ಗೊಂಡೆಯೂ ಸಿಕ್ಕುತ್ತಿತ್ತು. ಆದರೆ ಮನೋಜ ನನ್ನನ್ನೇ ನೋಡುತ್ತಿದ್ದ. ಪರೀಕ್ಷೆ ಹಾಲಿನಲ್ಲಿ ನಾನು ಎಷ್ಟೋ ಮಕ್ಕಳನ್ನು ನೋಡಿದ ನೋಟ ಅದು, ಚೀಟಿ ನೀನಾಗಿ ಕೊಡುತ್ತೀಯೋ ನಾನೇ ತೆಗೀಬೇಕೋ ಅನ್ನುವಂಥದ್ದು.

"ಇನ್ನೊಂದು ಮಾತು ಕಣೋ ಶಿವು. ಇದು ಹೋರಿಗೆ ತಂದಿದ್ದಲ್ಲ. ನಾನು ಸುಳ್ಳು ಹೇಳಿದೆ. ಇದು ಮನೋಜಂದು."

ತಮ್ಮ ಗೊಂಡೆ ನೋಡಿದ, ಮಗನನ್ನು ನೋಡಿದ. "ಮನೋಜಂಗ್ಯಾಕೆ ಗೊಂಡೆ?"

"ಕುಣಿಯಾಕೆ ಕಣಪ್ಪ." ಮನೋಜ ಅಪ್ಪನ ಮುಖ ನೋಡುತ್ತಲೇ ಹೇಳಿದ. "ಕಬಡ್ಡಿ ಬುಟ್ಬುಟ್ಟೆ. ಎಣ್ಮಕ್ಳ ಟೀಮ್ನಲ್ಲಿ ಇವ್ನಿ. ಸನಾ ಅಂತ ಒಬ್ಳು ಮ್ಯಾಲೆ ನಿಂತ್ಕತಾಳೆ, ಅವಳ ಕಾಲು ಇಡ್ಕಳೋನು ನಾನು. ನಾಡಿದ್ದು ಕೆ.ಆರ್. ಪ್ಯಾಟೇಲಿ ಕಾಂಪಿಟೇಸನ್ನು. ನೀನು ಬರ್ಬೇಕು."

ಸುತ್ತ ಹತ್ತಾರು ಜನ. ಯಾರೋ ಕಿಸಕ್ಕನೆ ನಕ್ಕರು. ತಮ್ಮ ನಗಲಿಲ್ಲ.

"ಕೈ ಜಾರುದ್ರೆ?"

"ಜಾರಲ್ಲ."

"ಆ ಮಗೀನ ಅಪ್ಪಂಗೆ ಗೊತ್ತಾ?"

"ನಮ್ ಟೀಮಿನ್ ಬಟ್ಟೆ ಒಲ್ಕೊಟ್ಟಿರದೇ ಅವ್ರು. ಪ್ಯಾಟೆ ಬೀದೀಲಿ ಟೈಲರ್ ಅಂಗ್ಡಿ ಅದೆ."

"ಇನ್ನೊಬ್ರ ಮಗೀನ ಮ್ಯಾಲೆತ್ತಿ ನಿಲ್ಸದು ಅಂದ್ರೆ ತಮಾಸೆ ಅಲ್ಲ ಕಣ್ಲಾ" ಎಂದಷ್ಟೇ ಹೇಳಿ, ತಮ್ಮ ಹೋರಿಯ ಹಗ್ಗ ಹಿಡಿದು ಕಿಚ್ಚಿನ ಕಡೆಗೆ ನಡೆದ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಹೋರಿಗಳು ಬರಿ ಹಣೆಯಲ್ಲೇ ಬೆಂಕಿ ಹಾರಿದವು.

ಕೆ.ಆರ್. ಪೇಟೆಯ ಮೈದಾನದಲ್ಲಿ ಐದು ತಂಡಗಳಿದ್ದವು. ಎಲ್ಲರ ಗೊಂಡೆ ಫಳಫಳ, ಮನೋಜನದು ಮಾತ್ರ ಅರಿಶಿನ ಹತ್ತಿ ಹಳದಿ. "ಇದ್ರಲ್ಲಿ ಹೋರಿ ವಾಸ್ನೆ ಬತ್ತದೆ ಕಣೋ" ಎಂದು ಸನಾ ಮೂಗು ಮುಚ್ಚಿಕೊಂಡಳು. ಕಡ್ಡಿಯಂಥ ಹುಡುಗಿ, ಹೆದರಿಕೆ ಅನ್ನುವುದು ಗೊತ್ತಿಲ್ಲ. ಅವರ ಅಪ್ಪ ಮುಂದಿನ ಸಾಲಿನಲ್ಲೇ ಇದ್ದರು. ನನ್ನ ಪಕ್ಕದ ಕುರ್ಚಿಗೆ ನಾನು ಬ್ಯಾಗು ಇಟ್ಟು ಜಾಗ ಹಿಡಿದಿದ್ದೆ. ಅದು ಖಾಲಿಯೇ ಉಳಿದಿತ್ತು.

ತಂಡ ಅಂಗಳಕ್ಕೆ ಬಂದದ್ದೇ ತಡ, ಹಿಂದಿನಿಂದ ಹುಡುಗರ ಗುಂಪು "ಲೇ, ಗೊಂಡೆ ಗೌರಮ್ಮ!" ಎಂದು ಕೂಗಿತು. ನಗು, ಶಿಳ್ಳೆ. ಮನೋಜನ ಕಿವಿ ಕೆಂಪಾದದ್ದು ನನಗೆ ದೂರದಿಂದಲೂ ಕಂಡಿತು. ಕುಣಿದರು, ಗೊಂಡೆಗಳನ್ನು ಪಕ್ಕಕ್ಕೆ ಎಸೆದರು. ಮನೋಜ ಮತ್ತು ಇಬ್ಬರು ಹುಡುಗಿಯರು ಸೇರಿ ಸನಾಳನ್ನು ಎತ್ತಿದರು. ಅವಳು ಮೇಲೆ ನೆಟ್ಟಗಾದಳು. ಮತ್ತೆ "ಗೌರಮ್ಮಾ!" ಎಂಬ ಕೂಗು. ಮನೋಜನ ತೋಳು ನಡುಗಿತು. ಸನಾಳ ಒಂದು ಪಾದ ಸ್ವಲ್ಪ ವಾಲಿತು. ಅವರಪ್ಪ ಕುರ್ಚಿಯಿಂದ ಅರ್ಧ ಎದ್ದರು.

"ಬುಡ್ಬ್ಯಾಡ ಕಣ್ಲಾ! ಕಾಲೂರು! ಇಡ್ಕ, ಇಡ್ಕ, ಬುಡ್ಬ್ಯಾಡ!"

ಗೇಟಿನ ಬಳಿಯಿಂದ ಬಂದ ದನಿ. ಕೆಸರಿನಲ್ಲಿ ಗಾಡಿ ಹೂತಾಗ ಹೋರಿಗಳನ್ನು ಹುರಿದುಂಬಿಸಲು ಮಾತ್ರ ನನ್ನ ತಮ್ಮ ಆ ದನಿ ತೆಗೆಯುತ್ತಾನೆ. ಮೈದಾನಕ್ಕೆ ಮೈದಾನವೇ ಅತ್ತ ತಿರುಗಿತು. ಶಿಳ್ಳೆಯವರೂ ತಿರುಗಿದರು, ಹೆಗಲ ಟವೆಲನ್ನು ಕೈಯಲ್ಲಿ ಬೀಸುತ್ತಾ ಕೂಗುತ್ತಿದ್ದ ಆ ಮೀಸೆಯವನನ್ನು ನೋಡಿ ತೆಪ್ಪಗಾದರು. ಮನೋಜ ಕಾಲೂರಿದ. ಪಾದ ನೆಟ್ಟಗಾಯಿತು. ಎಂಟರವರೆಗೂ ಎಣಿಸಿದರು. ಸನಾ ಎರಡೂ ಕೈ ಎತ್ತಿ ನಕ್ಕಳು. "ಶಾಬಾಶ್ ಬೇಟಾ!" ಎಂದು ಅವರಪ್ಪ ಕೂಗಿದ್ದು ಮಗಳಿಗೋ ಮನೋಜನಿಗೋ ತಿಳಿಯಲಿಲ್ಲ. ನನಗೆ ಕಣ್ಣು ಮಂಜಾಗಿತ್ತು, ಕನ್ನಡಕದ ತಪ್ಪಲ್ಲ.

ಐದು ತಂಡಗಳಲ್ಲಿ ನಮ್ಮದು ಮೂರನೆಯದು. ತಮ್ಮ ಮಗನನ್ನು ತಬ್ಬಿಕೊಳ್ಳಲಿಲ್ಲ, ಹೊಗಳಲೂ ಇಲ್ಲ. ಹೋರಿಯ ಕಾಲು ಪರೀಕ್ಷಿಸುವ ಹಾಗೆ ಅವನ ನಿಲುವನ್ನು ನೋಡಿ, "ಕಾಲು ಇನ್ನೊಂಚೂರು ಅಗಲ ಇಕ್ಬೇಕಿತ್ತು. ಆಗ ನಡುಗ್ತಿರ್ನಿಲ್ಲ" ಅಂದ. ಮನೋಜ ಇಷ್ಟಗಲ ನಕ್ಕ. ಮಗ ಹೇಗೆ ನಿಂತಿದ್ದಾನೆ ಅಂತ ಅಪ್ಪ ಅಷ್ಟು ಗಮನಿಸಿ ನೋಡಿದ್ದು ಅವನಿಗೆ ಬಹುಮಾನಕ್ಕಿಂತ ದೊಡ್ಡದಾಗಿತ್ತು. ನನಗೆ ಮಾತ್ರ ಇನ್ನೊಂದು ಹೊಳೆಯಿತು. ಆ ದಿನ ಮೈದಾನದಲ್ಲಿ ಎಲ್ಲರಿಗಿಂತ ಜೋರಾಗಿ ಬಟ್ಟೆ ಬೀಸಿ, ಗಂಟಲು ಹರಿದುಕೊಂಡು ಹುರಿದುಂಬಿಸಿದವನು ನನ್ನ ತಮ್ಮ. ಅವನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಮುಂದಿನ ಸಲ ಕೂಗದೆ ಇದ್ದಾನು.

ಮೊನ್ನೆ ಅವನು ಮತ್ತೆ ರಾಗಿ ತಂದ. ಡ್ರಮ್ಮಿನ ಮುಚ್ಚಳ ತೆಗೆಯುವ ಮುಂಚೆ, "ಈಸಲ ಏನ್ ಬಚ್ಚಿಟ್ಟಿದ್ದೀಯಕ್ಕ?" ಎಂದು ನಕ್ಕ. ಏನೂ ಇರಲಿಲ್ಲ. ಅರಿಶಿನ ಹತ್ತಿದ ಗೊಂಡೆಗಳು ಈಗ ನಡುಮನೆಯಲ್ಲಿ, ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಮೊಳೆಗೆ ನೇತಾಡುತ್ತಿವೆ. ಬಂದವರು ಅವನ್ನು ನೋಡಿ, "ಹೋರಿದಾ?" ಎಂದು ಕೇಳುತ್ತಾರೆ.

"ಅಲ್ಲ, ನಮ್ಮ ಹುಡುಗಂದು" ಅನ್ನುತ್ತೇನೆ. ಆಮೇಲೆ ಕತೆ ಶುರು ಮಾಡುತ್ತೇನೆ. ಪಕ್ಕದ ಮನೆಯವರು ಇದಕ್ಕೆ ಇನ್ನೂ ಹಾಲು ಉಕ್ಕಿಸಿಕೊಂಡಿಲ್ಲ.