ಭಿನ್ನರಾಶಿ ಕಲಿಯಲು ಬಂದ ರಗ್ಬಿ ಆಟಗಾರ

ಲೀಡ್ಸ್‌ನ ಒಂದು ಕಾಲೇಜಿನಲ್ಲಿ ನಾನು ದೊಡ್ಡವರಿಗೆ ಗಣಿತ ಕಲಿಸುತ್ತೇನೆ. ದೊಡ್ಡವರು ಅಂದರೆ ಶಾಲೆಯಲ್ಲಿ ಗಣಿತ ಪಾಸಾಗದೆ ಬಿಟ್ಟು, ಈಗ ಕೆಲಸಕ್ಕೋ ಕೋರ್ಸಿಗೋ ಆ ಸರ್ಟಿಫಿಕೇಟು ಬೇಕಾಗಿ ಮರಳಿ ಬಂದವರು. ಕೇರ್ ಹೋಮಿನಲ್ಲಿ ದುಡಿಯುವ ಹೆಂಗಸರು, ಬಸ್ ಓಡಿಸುವವರು, ಮಗಳ ಹೋಂವರ್ಕ್ ಅರ್ಥವಾಗದೆ ನಾಚಿಕೊಂಡು ಬಂದ ಒಬ್ಬ ಪೇಂಟರ್. ಧಾರವಾಡದಲ್ಲಿದ್ದಾಗ ನಾನು ಪಿಯು ಹುಡುಗಿಯರಿಗೆ ಕಲಿಸುತ್ತಿದ್ದೆ. ಡಾಕ್ಟರಾದ ನನ್ನವರಿಗೆ ಇಲ್ಲಿ ಜಿಪಿ ಕೆಲಸ ಸಿಕ್ಕು ಬಂದ ಮೇಲೆ ನನ್ನ ಎಂಎಸ್ಸಿ, ಬಿಎಡ್ ಎರಡೂ ಸೂಟ್‌ಕೇಸಿನಲ್ಲೇ ಉಳಿದವು. ಮೂವತ್ತೆಂಟನೆಯ ವಯಸ್ಸಿನಲ್ಲಿ ಇಪ್ಪತ್ತೆರಡರ ಹುಡುಗರ ಪಕ್ಕ ಕೂತು ಮತ್ತೆ ಟೀಚರ್ ಟ್ರೈನಿಂಗ್ ಮಾಡಿದೆ. ಆದ್ದರಿಂದ ಮೊದಲ ದಿನ ಬಾಗಿಲ ಹತ್ತಿರದ ಕುರ್ಚಿಯನ್ನೇ ಹುಡುಕುವವರ ಕಷ್ಟ ನನಗೆ ಗೊತ್ತು.

ಆ ಸೆಪ್ಟೆಂಬರಿನಲ್ಲಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ ಆ ಕುರ್ಚಿಯಲ್ಲಿ ಹಿಡಿಸುವಂತಿರಲಿಲ್ಲ. ಕತ್ತು ಮತ್ತು ತಲೆ ಒಂದೇ ಅಗಲ. ಎಡಗಿವಿ ಹಿಸುಕಿದ ಕಣಕದ ಉಂಡೆಯಂತೆ ಮುದ್ದೆಯಾಗಿತ್ತು. ಎರಡು ಬೆರಳಿಗೆ ಬಿಳಿ ಟೇಪು ಸುತ್ತಿದ್ದ. ಕಟ್ಟಡ ಕೆಲಸದವನಿರಬೇಕು ಅಂದುಕೊಂಡೆ. ಒಬ್ಬೊಬ್ಬರಾಗಿ ಯಾಕೆ ಬಂದಿದ್ದೀರಿ ಎಂದು ಕೇಳುತ್ತಾ ಹೋದಾಗ ಆತ ಕೆಳಗೆ ನೋಡುತ್ತಾ ಹೇಳಿದ.

"ಆಂಬುಲೆನ್ಸಿನ್ಯಾಗ ಕೆಲಸಾ ಮಾಡಬೇಕಂತೀನ್ರಿ ಮಿಸ್. ಅದಕ್ಕ ಗಣಿತ ಬೇಕಂತ."

ಆತ ಮಾತಾಡಿದ್ದು ಇಂಗ್ಲಿಷೇ. ಆದರೆ ಅಲ್ಲಿಯ ಗಣಿ ಊರುಗಳ ಇಂಗ್ಲಿಷು ಅರ್ಧ ಪದ ನುಂಗಿ, ಉಳಿದರ್ಧವನ್ನು ಗಟ್ಟಿಯಾಗಿ ನೆಲಕ್ಕೆ ಒಗೆಯುವಂಥದ್ದು. ನನ್ನ ಕಿವಿಗೆ ಅದು ಮೊದಲಿನಿಂದಲೂ ನಮ್ಮ ಧಾರವಾಡದ ಕಡೆಯ ಮಾತಿನ ಹಾಗೇ ಕೇಳಿದೆ. ಹಾಗಾಗಿ ಆತನ ಮಾತು ನೆನಪಾಗುವುದೇ ಹೀಗೆ.

"ಈಗ ಏನು ಕೆಲಸ ಮಾಡ್ತೀರಿ?" ಎಂದೆ.

"ರಗ್ಬಿ ಆಡ್ತೀನ್ರಿ."

"ಓ, ಹದಿನೈದು ಜನ ಆಡ್ತಾರಲ್ಲ, ಅದು?"

ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಹಿಂದಿನ ಸಾಲಿನಲ್ಲಿ, ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸುವ ಅರವತ್ತರ ಹೆಂಗಸೊಬ್ಬಳಿದ್ದಳು. ಅವಳು ಪೆನ್ನು ಕೆಳಗಿಟ್ಟು, "ಹದಿಮೂರು ಮಂದಿ ರೀ ಮಿಸ್. ಇದು ರಗ್ಬಿ ಲೀಗ್. ನೀವು ಹೇಳೂದು ರಗ್ಬಿ ಯೂನಿಯನ್, ಬ್ಯಾರೆ ಆಟ. ಇಲ್ಲಿ ಯಾರ ಮುಂದೂ ಹಂಗ ಅನ್ನಬ್ಯಾಡ್ರಿ," ಎಂದಳು. ಆಮೇಲೆ ಆತನ ಕಡೆ ತಿರುಗಿ, "ನೀ ಒಳಗ ಬಂದಕೂಡ್ಲೆ ಗುರ್ತು ಹಿಡದೇನಿ. ಸುಮ್ನ ಕೂತಿದ್ದೆ," ಎಂದಳು. ಆತನ ಮುಖ ಕಿವಿಯವರೆಗೂ ಕೆಂಪಾಯಿತು.

ಮುಂದಿನ ವಾರಗಳಲ್ಲಿ ಆತನ ಕಥೆ ತುಣುಕು ತುಣುಕಾಗಿ ತಿಳಿಯಿತು. ಅಪ್ಪ ಕಲ್ಲಿದ್ದಲು ಗಣಿಯಲ್ಲಿದ್ದವನು. ಮಗನಿಗೆ ಹನ್ನೆರಡಾದಾಗ ಗಣಿ ಮುಚ್ಚಿತು. ಹದಿನಾರಕ್ಕೆ ಊರಿನ ರಗ್ಬಿ ಕ್ಲಬ್ಬಿನವರು ಮಗನನ್ನು ತಮ್ಮ ಕಿರಿಯರ ತಂಡಕ್ಕೆ ಸೇರಿಸಿಕೊಂಡರು. ಪರೀಕ್ಷೆಯ ದಿನ ಆತ ಬೇರೆ ಊರಿನಲ್ಲಿ ಪಂದ್ಯ ಆಡುತ್ತಿದ್ದ. ಗಣಿತದ ಮಾಸ್ತರರೇ ಬೆನ್ನು ತಟ್ಟಿ, ನಿನಗೆ ಇದೆಲ್ಲ ಯಾಕೆ ಬೇಕು ಎಂದಿದ್ದರಂತೆ. ಹದಿನೆಂಟಕ್ಕೆ ದೊಡ್ಡವರ ತಂಡ. ಅಲ್ಲಿಂದ ಹದಿನಾರು ಸೀಸನ್ ಆತನ ಕೆಲಸ ಒಂದೇ: ಚೆಂಡು ಅವಚಿಕೊಂಡು ಎದುರು ಸಾಲಿನ ಮೂವರು ಗಂಡಸರ ಮೇಲೆ ಓಡುವುದು, ಬೀಳುವುದು, ಎದ್ದು ಮತ್ತೆ ಸಾಲಿಗೆ ಬರುವುದು. ಈಗ ವಯಸ್ಸು ಮೂವತ್ತನಾಲ್ಕು. ಕರಾರು ಇನ್ನೊಂದೇ ವರ್ಷ.

"ಆಂಬುಲೆನ್ಸೇ ಯಾಕೆ?" ಎಂದು ಒಮ್ಮೆ ಕೇಳಿದೆ.

"ಒಬ್ಬಾವ ಮೇಜಿನ ಹಿಂದ ಕುಂಡ್ರೂದು ನನ್ನ ಕೈಲೆ ಆಗೂದಿಲ್ರಿ. ನನಗ ಬಾಜೂ ಒಬ್ಬ ಇರಬೇಕು. ಮತ್ತ ಭಾರ ಎತ್ತಾಕ ಬರತೈತಿ," ಎಂದು ನಕ್ಕ.

ಭಿನ್ನರಾಶಿ ಮಾತ್ರ ಆತನಿಗೆ ಗೋಡೆಯಾಗಿತ್ತು. ಕೇಕು, ಪಿಜ್ಜಾ ಕತ್ತರಿಸಿ ತೋರಿಸುವ ಪಾಠಗಳೆಲ್ಲ ಸೋತವು. ಒಂದು ಗುರುವಾರ ಬೇಸತ್ತು ಪುಸ್ತಕ ಮುಚ್ಚಿದೆ. "ಒಂದು ಮ್ಯಾಚ್ ಎಷ್ಟು ನಿಮಿಷ?" ಎಂದೆ.

"ಎಂಬತ್ರಿ."

"ಅದರಲ್ಲಿ ನೀವೆಷ್ಟು ಆಡ್ತೀರಿ?"

"ಮೊದಲ ಇಪ್ಪತ್ತೈದು. ಆಮ್ಯಾಲ ಕುಂಡ್ರಸ್ತಾರ. ಕಡೀಕ ಮತ್ತ ಇಪ್ಪತ್ತೈದು."

"ಹಾಗಾದರೆ ಎಂಬತ್ತರಲ್ಲಿ?"

"ಐವತ್ತು." ಎಂಬತ್ತರ ಮೇಲೆ ಐವತ್ತು ಬರೆದ. ಎರಡರ ಕೊನೆಯಲ್ಲೂ ಇದ್ದ ಸೊನ್ನೆಯನ್ನು ತಾನೇ ಹೊಡೆದು ಹಾಕಿದ. ಸ್ವಲ್ಪ ಹೊತ್ತು ದಿಟ್ಟಿಸಿದ. "ಎಂಟರಾಗ ಐದು. ಅರ್ಧಕ್ಕಿಂತ ಜಾಸ್ತಿ ಆತಲ್ರಿ! ಅದಕ್ಕ ಭಾನುವಾರ ಆಡಿ ಸೋಮವಾರ ಮುಂಜಾನೆ ಮೆಟ್ಟಲಾ ಇಳ್ಯಾಕ ಬರೂದಿಲ್ಲ."

ಊಟ ಬಡಿಸುವ ಹೆಂಗಸು ಚಪ್ಪಾಳೆ ತಟ್ಟಿದಳು. ಅಂದಿನಿಂದ ಇಡೀ ತರಗತಿ ಅದೇ ಮೈದಾನದ ಮೇಲೆ ನಡೆಯಿತು. ಶೇಕಡಾವಾರು, ಸರಾಸರಿ, ಪ್ರತಿ ಸಲ ಎದುರಾಳಿಯನ್ನು ಕೆಡವಿದ ಮೇಲೆ ಹತ್ತು ಮೀಟರ್ ಹಿಂದಕ್ಕೆ ಸರಿಯುವ ಲೆಕ್ಕ, ಎಲ್ಲವೂ. ನಾನು ಆಟ ಕಲಿತೆ, ಅವರು ಗಣಿತ ಕಲಿತರು. ಏಳರ ಮಗ್ಗಿ ಯಾವಾಗಲೂ ಕಾಡುತ್ತಿತ್ತು. ಅದನ್ನು ಆತ ತರಬೇತಿಗೆ ಹೋಗುವಾಗ ಕಾರಿನಲ್ಲಿ ಗಟ್ಟಿಯಾಗಿ ಹೇಳಿಕೊಂಡು ಬಾಯಿಪಾಠ ಮಾಡಿದ.

ಮಾರ್ಚಿನಲ್ಲಿ ಎರಡು ಟಿಕೆಟ್ ತಂದುಕೊಟ್ಟ. ಭಾನುವಾರ ಮಧ್ಯಾಹ್ನ ನನ್ನವರನ್ನು ಎಳೆದುಕೊಂಡು ಹೋದೆ. ಸ್ವೆಟರಿನ ಮೇಲೆ ಸ್ವೆಟರು, ಫ್ಲಾಸ್ಕಿನಲ್ಲಿ ಚಹಾ. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ನನ್ನವರು ಚಹಾದ ಲೋಟ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಇದನ್ನ ಆಟ ಅಂತೀಯೋ, ನನಗ ಪೇಷಂಟ್ ತಯಾರ ಮಾಡೂ ಕಾರ್ಖಾನಿ ಅಂತೀಯೋ?"

ತರಗತಿಯಲ್ಲಿ ಪೆನ್ಸಿಲ್ ಮುರಿಯದಂತೆ ಜೋಪಾನವಾಗಿ ಹಿಡಿಯುವ ಮನುಷ್ಯ ಅಲ್ಲಿ ಚೆಂಡು ಹಿಡಿದು ಓಡುತ್ತಿದ್ದ. ಜನ ಆತನ ಹೆಸರು ಕೂಗುತ್ತಿದ್ದರು. ದ್ವಿತೀಯಾರ್ಧದಲ್ಲಿ ಎದುರಾಳಿಯನ್ನು ತಡೆಯಲು ಬಗ್ಗಿದಾಗ ಒಬ್ಬನ ಮೊಣಕಾಲು ಆತನ ದವಡೆಗೆ ತಗುಲಿತು. ಬಿದ್ದವನು ಎದ್ದ. ಆದರೆ ತನ್ನ ತಂಡದ ಸಾಲಿಗೆ ಹೋಗದೆ ಎದುರು ತಂಡದ ಕಡೆ ನಡೆಯತೊಡಗಿದ. ಕ್ಲಬ್ಬಿನ ಡಾಕ್ಟರು ಓಡಿ ಬಂದು ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ನನ್ನವರು ಲೋಟ ಕೆಳಗಿಟ್ಟಿದ್ದರು.

ಎರಡು ವಾರ ಆತ ಬರಲಿಲ್ಲ. ಮೂರನೆಯ ವಾರ ಬಂದು ಕಪ್ಪು ಕನ್ನಡಕ ಹಾಕಿಕೊಂಡೇ ಕೂತ. ಬೋರ್ಡಿನ ಮೇಲೆ ಒಂದು ಸುಲಭದ ಲೆಕ್ಕ ಕೊಟ್ಟಿದ್ದೆ. ಎಲ್ಲರೂ ಮುಗಿಸಿದರು. ಆತ ಮುಗಿಸಲಿಲ್ಲ. ತರಗತಿ ಮುಗಿದು ಎಲ್ಲರೂ ಹೋದ ಮೇಲೂ ಕೂತೇ ಇದ್ದ.

"ಏಳೆಂಟಲೆ ಎಷ್ಟ್ರಿ ಮಿಸ್?" ಎಂದ.

"ಐವತ್ತಾರು."

"ನನಗ ಗೊತ್ತಿತ್ತು. ಕಾರಿನ್ಯಾಗ ದಿನಾ ಹೇಳತಿದ್ದೆ. ಈಗ ಇಲ್ಲ. ಹುಡುಕಿದ್ರ ಸಿಗವಲ್ದು." ಕನ್ನಡಕ ತೆಗೆದ. ಕಣ್ಣು ಕೆಂಪಗಿತ್ತು. "ನನ್ನ ತಲಿ ಹೋತೇನ್ರಿ?"

ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ. "ಡಾಕ್ಟರ್‌ಗೆ ಇದನ್ನ ಹೇಳಿದ್ದೀರಾ?" ಎಂದೆ. ಇಲ್ಲ. "ಹೆಂಡತಿಗೆ?" ಅದೂ ಇಲ್ಲ. ಹೇಳಿದರೆ ಆಟ ನಿಂತುಹೋಗುತ್ತದೆ ಎಂಬ ಭಯ. ಎರಡು ವರ್ಷದಲ್ಲಿ ಇದು ತಲೆಗೆ ಬಿದ್ದ ನಾಲ್ಕನೆಯ ಪೆಟ್ಟು ಎಂದು ಆಗ ಬಾಯಿಬಿಟ್ಟ.

"ನಾನು ಗಣಿತದವಳು. ನಿಮ್ಮ ತಲೆಯ ಬಗ್ಗೆ ನನಗೆ ಗೊತ್ತಿಲ್ಲ," ಎಂದೆ. "ಆದರೆ ಮನೆಯಲ್ಲಿ ಹೇಳದೆ ನನಗೆ ಹೇಳಿದ್ದು ಸರಿಯಲ್ಲ. ಈಗಲೇ ಫೋನ್ ಮಾಡಿ. ನಾನು ಇಲ್ಲೇ ಇರ್ತೀನಿ."

ಕಾರಿಡಾರಿನಲ್ಲಿ ನಿಂತು ಹೆಂಡತಿಗೆ ಫೋನ್ ಮಾಡಿದ. ಗಾಜಿನ ಬಾಗಿಲಿನಾಚೆ ಆ ಅಗಲ ಬೆನ್ನು ಮಾತ್ರ ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ಅವಳೇ ಬಂದು ಕರೆದುಕೊಂಡು ಹೋದಳು. ಮನೆಗೆ ಹೋಗಿ ನನ್ನವರಿಗೆ ಹೇಳಿದೆ.

"ಅಂವ ಪೂರ್ತಿ ಸುಧಾರಸ್ತಾನೇನ್ರಿ?" ಎಂದು ಕೇಳಿದೆ.

"ನೋಡದ ಹೆಂಗ ಹೇಳಲಿ? ಆದ್ರ ಬಾಯಿ ಬಿಟ್ಟಾನಲ್ಲ, ಅರ್ಧ ಕೆಲಸ ಆತು," ಎಂದರು.

ಕ್ಲಬ್ಬಿನ ಡಾಕ್ಟರು ತಜ್ಞರ ಹತ್ತಿರ ಕಳಿಸಿದರು. ತಜ್ಞರು ಅಳೆದು ತೂಗಿ ಹೇಳಿದರಂತೆ: ಈಗ ಆಗಿರುವುದು ವಿಶ್ರಾಂತಿಯಿಂದ ಬಹುತೇಕ ಸರಿಹೋಗಬಹುದು, ಆದರೆ ಇನ್ನೊಂದು ಪೆಟ್ಟು ಬೇಡ. ಆತ ಏಪ್ರಿಲ್ ಮುಗಿಯುವುದರೊಳಗೆ ಆಟ ಬಿಟ್ಟ. ತಂಡದವರಿಗೆ ಹೇಳುವುದು ಅಷ್ಟು ಕಷ್ಟವಾಗಲಿಲ್ಲ, ಅಪ್ಪನಿಗೆ ಹೇಳುವುದೇ ಕಷ್ಟವಾಯಿತು ಎಂದು ನನಗೆ ಹೇಳಿದ್ದ. ಊರಿನ ಪಂದ್ಯ ಒಂದನ್ನೂ ಅಪ್ಪ ತಪ್ಪಿಸಿದವನಲ್ಲ. ಅಪ್ಪ ತನ್ನ ತರಕಾರಿ ತೋಟದಲ್ಲಿ ಈರುಳ್ಳಿ ಸಸಿ ಊರುತ್ತಿದ್ದನಂತೆ. ಎಲ್ಲ ಕೇಳಿ, ಕೈಯ ಮಣ್ಣು ಒರೆಸಿಕೊಂಡು, "ಹಂಗಾದ್ರ ಭಾನುವಾರ ಏನ ಮಾಡೂಣು?" ಎಂದನಂತೆ. ಇನ್ನೊಂದು ಸಸಿ ಕೈಗೆತ್ತಿಕೊಂಡು, "ಗಣಿ ಮುಚ್ಚಿದಾಗ ಎರಡು ವರ್ಷ ಮನ್ಯಾಗ ಕೂತಿದ್ದೆ. ನೀ ಆಟ ಬಿಡೂ ಮೊದಲ ಕಲ್ಯಾಕ ಹೋದಿ. ಛಲೋ ಮಾಡಿದಿ," ಎಂದೂ ಹೇಳಿದನಂತೆ. ಇದನ್ನು ಹೇಳುವಾಗ ಆತ ಕಿಟಕಿಯ ಕಡೆ ನೋಡುತ್ತಿದ್ದ.

ಆ ಬೇಸಿಗೆ ನಿಧಾನವಾಗಿ ಸಾಗಿತು. ಟ್ಯೂಬ್‌ಲೈಟಿನ ಬೆಳಕು ಆತನಿಗೆ ಆಗುತ್ತಿರಲಿಲ್ಲ, ಆದ್ದರಿಂದ ದೀಪ ಆರಿಸಿ ಕಿಟಕಿಯ ಬೆಳಕಿನಲ್ಲೇ ಕಲಿಸಿದೆ. ಯಾರೂ ಗೊಣಗಲಿಲ್ಲ. ಊಟ ಬಡಿಸುವ ಹೆಂಗಸು ತನ್ನ ನೋಟ್ಸನ್ನು ದಪ್ಪ ಅಕ್ಷರದಲ್ಲಿ ಮತ್ತೊಮ್ಮೆ ಬರೆದು ಆತನಿಗೆ ಕೊಡುತ್ತಿದ್ದಳು. ಮೊದಲು ಹತ್ತು ನಿಮಿಷಕ್ಕೆ ಸುಸ್ತಾಗುತ್ತಿದ್ದವನು ಇಪ್ಪತ್ತಕ್ಕೆ ಬಂದ, ನಲವತ್ತಕ್ಕೆ ಬಂದ. ಮೇನಲ್ಲಿ ಪರೀಕ್ಷೆಗೆ ಕೂತು ಸ್ವಲ್ಪದರಲ್ಲಿ ಫೇಲಾದ. ಇನ್ನು ಬರುವುದಿಲ್ಲ ಎಂದು ನಾನು ಹೆದರಿದೆ. ಮುಂದಿನ ಮಂಗಳವಾರ ನಾಲ್ಕರ ತರಗತಿಗೆ ಐದು ನಿಮಿಷವಿರುವಾಗಲೇ ಬಂದು ಕೂತಿದ್ದ.

"ಹದಿನಾರು ವರ್ಷ ಸೋತ ಮರುದಿನಾನೂ ಟ್ರೈನಿಂಗಿಗೆ ಹೋಗೇನ್ರಿ ಮಿಸ್. ಇದೇನ ದೊಡ್ಡದು?" ಎಂದ.

ಜುಲೈನಲ್ಲಿ ಮತ್ತೆ ಕೂತು ಪಾಸಾದ. ಫಲಿತಾಂಶ ನೋಡಿದ್ದೇ ನನ್ನನ್ನು ಅಪ್ಪಿಕೊಂಡುಬಿಟ್ಟ. ನನ್ನ ಕಾಲು ನೆಲ ಬಿಟ್ಟಿತ್ತು. ಇಳಿಸಿದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಊಟ ಬಡಿಸುವ ಹೆಂಗಸೂ ಪಾಸಾದಳು. ಅವಳಿಗೆ ಈಗ ಅಡುಗೆಮನೆಯ ಮೇಲ್ವಿಚಾರಣೆಯ ಕೆಲಸ.

ಆಗಸ್ಟಿನ ಒಂದು ಪಂದ್ಯದ ಮುಂಚೆ ಕ್ಲಬ್ಬಿನವರು ಆತನನ್ನು ಬೀಳ್ಕೊಟ್ಟರು. ಮೈದಾನದ ಸುತ್ತ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ನಡೆದ. ಜನ ಎದ್ದುನಿಂತು ಹಾಡಿದರು. ನಮ್ಮ ಮುಂದಿನ ಸಾಲಿನಲ್ಲಿ ಆತನ ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನವರು ಈ ಸಲ ಬರುವುದಿಲ್ಲ ಎಂದಿದ್ದವರು ಬಂದು ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಮುಂದಿನ ವಸಂತದಲ್ಲಿ ಒಂದು ಮಧ್ಯಾಹ್ನ ಹಸಿರು ಯೂನಿಫಾರ್ಮಿನಲ್ಲೇ ಕಾಲೇಜಿಗೆ ಬಂದ. ಆಂಬುಲೆನ್ಸಿನಲ್ಲಿ ಸಹಾಯಕನ ಕೆಲಸ ಸಿಕ್ಕಿತ್ತು. ಪ್ಯಾರಾಮೆಡಿಕ್ ಓದಬೇಕು, ಅದಕ್ಕೆ ಇನ್ನಷ್ಟು ಗಣಿತ ಬೇಕು ಎಂದು ಕೇಳಲು ಬಂದಿದ್ದ. ತನ್ನ ಮೊದಲ ದಿನದ ಕರೆಯ ಬಗ್ಗೆ ಹೇಳಿದ. ಎಂಬತ್ತೈದರ ಅಜ್ಜಿ ಅಡುಗೆಮನೆಯಲ್ಲಿ ಜಾರಿ ಬಿದ್ದಿದ್ದಳು. ಜೊತೆಗೆ ಬಂದಿದ್ದ ಪ್ಯಾರಾಮೆಡಿಕ್ ಹೆಂಗಸು ತಪಾಸಣೆ ಮುಗಿಸುವವರೆಗೂ ಈತ ನೆಲದ ಮೇಲೆ ಕಾಲು ಚಾಚಿ ಅವಳ ಪಕ್ಕ ಕೂತಿದ್ದ. ಅಜ್ಜಿ ಆಟದಲ್ಲಿ ಮುದ್ದೆಯಾದ ಆತನ ಕಿವಿಯನ್ನೇ ನೋಡುತ್ತಾ, "ಏನಪಾ, ನೀ ರಗ್ಬಿ ಗಿಗ್ಬಿ ಆಡೀ ಏನ?" ಎಂದು ಕೇಳಿದಳಂತೆ.

"ನೀವೇನಂದಿರಿ?" ಎಂದೆ.

"ಒಂಚೂರು ಆಡೇನ್ರಿ ಅಜ್ಜಿ, ಅಂದೆ. 'ನಮ್ಮನಿಯವರೂ ಆಡತಿದ್ರು, ನಿನಕಿಂತಾ ಛಲೋ ಆಡತಿದ್ರು' ಅಂದ್ಳು. ಹೌದಿರಬೇಕ್ರಿ, ಅಂದೆ."

ಅಷ್ಟು ಹೇಳಿ ಚೀಲದಿಂದ ಹೊಸ ನೋಟ್‌ಬುಕ್ ತೆಗೆದ. ನಾನು ಮೇಜಿನ ಮೇಲಿದ್ದ ಕಾಗದಗಳನ್ನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟೆ.