ಏಲಕ್ಕಿ ಬಾವಿಯ ಆಯಿ

ಮೊನ್ನೆ ರಾಣೆಬೆನ್ನೂರಿನ ಪತ್ತಾರನ ಅಂಗಡಿಯಲ್ಲಿ ಸೊಸೆಯ ಪಾಟ್ಲಿ ಬಳೆ ತೊಳೆಯಲು ಅಂಟುವಾಳಕಾಯಿ ನೆನೆಹಾಕಿದ್ದರು. ಆ ನೊರೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದಿ ಧಸಕ್ಕಂತು. ಸೊಸೆ ಗಾಬರಿಯಾಗಿ ನೀರು ತರಿಸಿದಳು. ಏನಂತ ಹೇಳಲಿ ಆಕೆಗೆ...

ಹಾವೇರಿಯಲ್ಲಿ ನಮ್ಮದು ಏಲಕ್ಕಿ ಅಂಗಡಿ. ಘಟ್ಟದಿಂದ ಬಂದ ಕಾಯಿಯನ್ನು ಅಂಟುವಾಳದ ನೀರಲ್ಲಿ ತೊಳೆದು, ಬಿಳುಪು ಮಾಡಿ, ಒಣಗಿಸಿ ಮುಂಬಯಿಗೆ ಕಳಿಸುತ್ತಿದ್ದೆವು. ತೊಳೆಯುವ ಹೆಂಗಸರ ಮುಖ್ಯಸ್ಥೆಯೊಬ್ಬಳಿದ್ದಳು. ಊರಿಗೆಲ್ಲ ಆಕೆ ಆಯಿ. ಒಂದು ಗಳಿಗೆ ಮೊದಲು ನೀರಿಂದೆತ್ತಿದರೆ ಕಾಯಿಗೆ ಕಲೆ ಉಳಿಯುತ್ತಿತ್ತು, ಒಂದು ಗಳಿಗೆ ತಡವಾದರೆ ಸಿಪ್ಪೆ ಬಿರಿಯುತ್ತಿತ್ತು. ಆ ಗಳಿಗೆ ಆಕೆಯೊಬ್ಬಳಿಗೇ ಗೊತ್ತು. ಅಪ್ಪ ದಿನಾ ಮುಂಜಾನೆ ಅಂಗಡಿಗೆ ಬರುವ ಮೊದಲು, ಕಾಯಿ ತೊಳೆಯುವ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಕುಂತು, ಒಂದು ಹಿಡಿ ಕಾಯಿ ಕೈಯಲ್ಲಿಟ್ಟುಕೊಂಡು ಆಕೆಯ ಕೂಡ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ಇಷ್ಟು ದೊಡ್ಡ ಸಾವಕಾರ, ಕೂಲಿ ಹೆಂಗಸಿನ ಮುಂದೆ ಇವನಿಗೇನು ಹರಟೆ ಎಂದು ನನಗೆ ನಾಚಿಕೆಯಾಗುತ್ತಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಪ್ಪ ತೀರಿಕೊಂಡ. ನನಗಾಗ ಇಪ್ಪತ್ತೆರಡು. ಮೀಸೆ ಇನ್ನೂ ನೆಟ್ಟಗಾಗಿರಲಿಲ್ಲ, ಗಾದಿಯ ಮೇಲೆ ಕುಂತಿದ್ದೆ. ಆಳುಗಳಿಗೆ ಸದರ ಕೊಟ್ಟರೆ ತಲಿ ಮ್ಯಾಲ ಕುಂದರ್ತಾರ ಎಂದು ಸೋದರಮಾವ ಕಿವಿಯಲ್ಲಿ ಊದಿದ್ದ. ಹೇಳುವುದನ್ನೆಲ್ಲ ಅಂಗಡಿಯ ಲೆಕ್ಕ ಬರೆಯುವ ದಿವಾನಜಿಯ ಕೈಲೇ ಹೇಳಿಸುತ್ತಿದ್ದೆ. ನಾನು ಬಾವಿಯ ಕಡೆ ಹಾಯಲೇ ಇಲ್ಲ.

ಒಂದು ದಿನ ಸಣ್ಣ ಸಾವಕಾರರು ಒಮ್ಮೆ ಬಾವಿಗೆ ಬಂದು ಹೋಗಲಿ ಎಂದು ಆಯಿ ಹೇಳಿ ಕಳಿಸಿದಳು. ಅದೇ ವಾರ ದಿವಾನಜಿ ಇನ್ನೊಂದು ಸುದ್ದಿ ತಂದ: ಎದುರು ಓಣಿಯ ಅಂಗಡಿಯವರು ಆಕೆಯನ್ನು ಕೆಲಸಕ್ಕೆ ಕರೆಯುತ್ತಿದ್ದಾರಂತೆ. ಅಲ್ಲಿಂದ ನನ್ನ ಜೀವ ಪುಕಪುಕ ಎನ್ನಲಿಕ್ಕೆ ಹತ್ತಿತು. ಆಕೆ ಹೋದರೆ ಮುಂಬಯಿಯವರು ನಮ್ಮ ಮಾಲು ಮೂಸಿಯೂ ನೋಡುತ್ತಿರಲಿಲ್ಲ. ದಿನಾ ಮುಂಜಾನೆ ಕಿಟಕಿಯಲ್ಲಿ ಕಿವಿಯಿಟ್ಟು ಕೂಡುತ್ತಿದ್ದೆ. ಹಿತ್ತಲಿಂದ ಆಕೆಯ ಕೆಮ್ಮು ಕೇಳಿದರೆ ಆ ದಿನದ ಮಟ್ಟಿಗೆ ಪಾರಾದೆ ಅನ್ನಿಸುತ್ತಿತ್ತು. ಇಷ್ಟು ಅಂಜುವವನು ಎದ್ದು ಹೋಗಿ ಒಂದು ಮಾತು ಕೇಳಬಾರದೆ? ಒಮ್ಮೆ ಹಿತ್ತಲ ಬಾಗಿಲ ತನಕ ಹೋಗಿದ್ದೆ. ಬಿಟ್ಟು ಹೋಗತೇನಿ ಅಂತ ಮುಖದ ಮೇಲೇ ಅಂದರೆ ಏನು ಮಾಡಲಿ ಎಂದು ಹೊಳ್ಳಿ ಬಂದೆ.

ಅದರ ಬದಲು ಒಂದು ಸೀರೆ ಕೊಂಡು ದಿವಾನಜಿಯ ಕೈಯಲ್ಲಿ ಕಳಿಸಿದೆ. ಆಯಿ ಅದನ್ನು ಕಣ್ಣಿಗೊತ್ತಿಕೊಂಡು ಅವನ ಕೈಗೇ ಹೊಳ್ಳಿ ಕೊಟ್ಟಳಂತೆ. ಸೀರೆ ಬೇಡ, ಸಾವಕಾರರು ಒಮ್ಮೆ ಬರಲಿ ಎಂದಳಂತೆ. ಮುದುಕಿಗೆ ಎದುರು ಓಣಿಯವರು ಭಾಳ ಆಸೆ ತೋರಿಸಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಮುಂದಿನ ಸೋಮವಾರ ಕೆಮ್ಮು ಕೇಳಲಿಲ್ಲ. ಮಂಗಳವಾರವೂ ಇಲ್ಲ. ಉಳಿದ ಹೆಂಗಸರು ತೊಳೆದ ಕಾಯಿ ಚಾಪೆಯ ತುಂಬ ಬಿರಿದು ಬಿದ್ದಿತ್ತು. ಆಕೆ ಎದುರು ಓಣಿಗೆ ಹೋಗಿರಲಿಲ್ಲ, ಗುತ್ತಲದ ಮಗಳ ಮನೆ ಸೇರಿದ್ದಳು. ಪೆಟ್ರೋಲು ಸಿಗದ ಆ ಕಾಲದ ಇದ್ದಲಿಯ ಬಸ್ಸು ಹತ್ತಿ ಗುತ್ತಲಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಬಾಯಿಪಾಠ ಮಾಡುತ್ತಲೇ ಇದ್ದೆ.

ಆಯಿ ಬಾಗಿಲ ಮುಂದೆ ಕುಂತಿದ್ದಳು. ರಣರಣ ಬಿಸಿಲು, ನಾನು ಎರಡು ಮೊಳ ದೂರದಲ್ಲಿ ನಿಂತಿದ್ದೆ.

"ಯಾರ್ರಿ ಅದು?" ಎಂದಳು.

ಕಲಿತುಕೊಂಡು ಹೋದ ಮಾತು ಬಿಟ್ಟು, ಹತ್ತಿರ ಕುಂತು ನಾನು ಯಾರೆಂದು ಹೇಳಿದೆ.

ಎರಡು ವರ್ಷದಿಂದ ಆಕೆಯ ಕಣ್ಣು ಮಂಜಾಗುತ್ತ ಬಂದಿತ್ತಂತೆ. ಅಪ್ಪನಿಗೊಬ್ಬನಿಗೆ ಗೊತ್ತು. ಕಟ್ಟೆಯ ಮೇಲೆ ಕುಂತು ಕಾಯಿಯ ಬಣ್ಣ ಹೇಳುತ್ತಿದ್ದವನು ಅವನೇ. ಅದನ್ನು ಕೇಳಿ, ಮುಟ್ಟಿ ನೋಡಿ, ಯಾವಾಗ ಎತ್ತಬೇಕೆಂದು ಆಕೆ ಹೇಳುತ್ತಿದ್ದಳು. ಅಪ್ಪ ಹೋದ ಮೇಲೆ ಎಷ್ಟೋ ದಿನ ಬರೇ ಬೆರಳಿನ ಅಂದಾಜಿನ ಮೇಲೆ ತೂಗಿಸಿದ್ದಳು. ಎದುರು ಓಣಿಯವರು ಕರೆದದ್ದೂ ಖರೇ. ಆಕೆ ಒಲ್ಲೆ ಅಂದಿದ್ದಳು.

"ದಿವಾನಜಿ ಮುಂದ ಹೆಂಗ ಹೇಳ್ಲಿ, ಸಣ್ಣ ಸಾವಕಾರ್ರ? ಕುರುಡಿ ತೊಳದ ಮಾಲು ಅಂತ ಊರ ತುಂಬ ಆಗತಿತ್ತು. ಅಂಗಡಿ ಹೆಸರು ಹೋಗತಿತ್ತು. ನಿಮ್ಮೊಬ್ಬರ ಕಿವ್ಯಾಗ ಹಾಕೂಣಂತ ದಾರಿ ಕಾದೆ."

"ಹೊಳ್ಳಿ ಬಾ ಆಯಿ. ದಿನಾ ನಾನs ಬಂದು ಕುಂದರ್ತೀನಿ."

"ಈಗ ಬ್ಯಾಡ್ರಿ. ನಂಬಿಗಿ ಹೋತು, ಬೆರಳಿನ ಮ್ಯಾಲ." ಅಷ್ಟು ಹೇಳಿ ಮಗಳನ್ನು ಕೂಗಿ ನನಗೆ ಮಜ್ಜಿಗೆ ತರಿಸಿದಳು. ಕುಡಿದು ಬಂದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಬಾವಿಗೆ ದಿನಾ ಹೋದೆ, ಹೆಂಗಸರೆಲ್ಲರ ಕೂಡ ಮಾತಾಡಿದೆ. ಅಂಗಡಿ ಕುಂಟುತ್ತ ನಡೆಯಿತು, ಒಬ್ಬರೂ ಬಿಟ್ಟು ಹೋಗಲಿಲ್ಲ. ಆ ಕೆಲಸ ಆಯಿಯ ಕೈಯಲ್ಲಿ ಆದಂತೆ ಮಾತ್ರ ಮತ್ತೆ ಆಗಲಿಲ್ಲ...

ಮರುವರ್ಷ ಆಯಿ ಹೋದಳು. ನನಗೆ ತಿಳಿದದ್ದು ತಿಂಗಳಾದ ಮೇಲೆ, ಸಂತೆಯಲ್ಲಿ, ಯಾರದೋ ಬಾಯಿಂದ. ಮಣ್ಣಿಗೂ ಹೋಗಲಾಗಲಿಲ್ಲ. ಒಂದು ಮಾತು ಹೇಳಿ ಕಳಿಸಬಾರದಿತ್ತೇ ಎಂದು ಆಕೆಯ ಮಗಳ ಮೇಲೆ ಭಾಳ ಸಿಟ್ಟು ಬಂದಿತ್ತು. ಈ ವಯಸ್ಸಿನಲ್ಲಿ ಆ ಸಿಟ್ಟು ನೆನೆದರೆ ತಲೆ ತಗ್ಗುತ್ತದೆ. ಆಯಿ ಎರಡು ಸಲ ಹೇಳಿ ಕಳಿಸಿದ್ದಳು. ಹಿತ್ತಲ ಬಾಗಿಲಿಂದ ಬಾವಿಗೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ.