ಇಳಕಲ್ಲಿಗೆ ಜೀಪು ಒಯ್ದ ದಿನ

ಬಾಗಲಕೋಟೆಯಿಂದ ಇಳಕಲ್ಲಿಗೆ ನೇರ ದಾರಿ ಇದೆ. ಅಮೀನಗಡ ದಾಟಿ ಹುನಗುಂದ, ಹುನಗುಂದ ದಾಟಿದರೆ ಇಳಕಲ್ಲು. ಬಸ್ಸಿನಲ್ಲಿ ಹೋದರೂ ಮಧ್ಯಾಹ್ನದ ಊಟಕ್ಕೆ ಮನೆಗೆ ತಿರುಗಿ ಬರಬಹುದು. ಆದರೆ ಆ ದಿನ ಬೆಳಿಗ್ಗೆ ನಮ್ಮ ಮನೆಯವರು ಜೀಪು ಹತ್ತಿ ಕೂತು, ಊರುಗೋಲನ್ನು ಮೊಣಕಾಲ ನಡುವೆ ಇಟ್ಟುಕೊಂಡು, "ಬಾದಾಮಿ ಮ್ಯಾಲೆ ಹಾದು ಹೋಗೂಣು" ಎಂದರು.

"ಅದು ಸುತ್ತಾಕ್ಕೈತ್ರಿ" ಎಂದೆ.

"ಆಗ್ಲಿ. ಹೊತ್ತು ಐತಲ್ಲ."

ಯಾಕೆ ಎಂದು ನಾನು ಕೇಳಲಿಲ್ಲ. ಇಳಕಲ್ಲು ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದು ಎಂದು ನನಗೂ ಅನ್ನಿಸಿತ್ತು. ಜೀಪಿನ ಹತ್ತಿರ ಬಂದಾಗ ಅವರು ಅಭ್ಯಾಸಬಲದಿಂದ ಬಲಗಡೆಗೇ ಹೋಗಿದ್ದರು. ಸ್ಟೇರಿಂಗಿನ ಮೇಲೆ ಕೈಯಿಟ್ಟು ಕ್ಷಣಹೊತ್ತು ನಿಂತು, ಆಮೇಲೆ ಮುಂದಿನಿಂದ ಸುತ್ತಿ ಬಂದು ಎಡಗಡೆ ಹತ್ತಿದರು. ಆ ಎಡಗಡೆಯ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು. ಅದು ಕಾಸೀಮನ ಜಾಗವಾಗಿತ್ತು.

ನಮ್ಮವರ ಹೆಸರು ಮಲ್ಲಿಕಾರ್ಜುನ, ಊರವರಿಗೆಲ್ಲ ಮಲ್ಲಣ್ಣ. ಎಂಬತ್ತರ ದಶಕ ಆಗತಾನೇ ಶುರುವಾಗಿದ್ದ ಕಾಲ ಅದು. ಬೋರ್‌ವೆಲ್ ಕೊರೆಯುವ ಗುತ್ತಿಗೆ ಹಿಡಿದಿದ್ದ ಅವರಿಗೆ ಕಪ್ಪು ಮಣ್ಣಿನ ಹೊಲಗಳಲ್ಲಿ ಸಿಕ್ಕಿಬೀಳದ ಗಾಡಿ ಬೇಕಾಗಿತ್ತು. ಹೀಗಾಗಿ ನಾಲ್ಕೂ ಗಾಲಿಗಳು ಎಂಜಿನ್ನಿನ ಬಲದಿಂದ ತಿರುಗುವ ಈ ಪೆಟ್ರೋಲ್ ಜೀಪು ಮನೆಗೆ ಬಂತು. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಹಿಡಿಕೆ. ಅದನ್ನು ಎಳೆದರೆ ಮುಂದಿನ ಗಾಲಿಗಳೂ ಮಣ್ಣನ್ನು ಕಚ್ಚುತ್ತಿದ್ದವು. ಗಾಡಿ ಬಂದದ್ದು ಕೆಲಸಕ್ಕೆ, ಆದರೆ ಕೆಲಸಕ್ಕಷ್ಟೇ ಉಳಿಯಲಿಲ್ಲ. ಕೊಲ್ಹಾಪುರದ ಆಚೆ ಬಯಲಿನಲ್ಲಿ ಮಣ್ಣಿನ ಟ್ರ್ಯಾಕು ಮಾಡಿ ಜೀಪುಗಳನ್ನು ಓಡಿಸುವ ಸ್ಪರ್ಧೆಯೊಂದನ್ನು ಇವರು ನೋಡಿ ಬಂದರು. ಮರುವರ್ಷ ತಾವೇ ಇಳಿದರು. ಜೀಪಿನ ಬಾಗಿಲು ಬಿಚ್ಚಿಸಿದರು, ತಲೆಯ ಮೇಲೆ ಕಬ್ಬಿಣದ ಕೊಳವೆಯ ಕಮಾನು ಬೆಸೆಸಿದರು, ಗಾಲಿಗಳ ಮೇಲೆ ಬಿರುಸಾದ ಸ್ಪ್ರಿಂಗ್ ಪಾಟಾ ಹಾಕಿಸಿದರು.

ಅದೇ ಗಾಡಿ ನಮಗೆ ದಿನದ ಗಾಡಿಯೂ ಆಗಿತ್ತು. ಮಕ್ಕಳು ಶಾಲೆಗೆ ಹೋಗುವುದು ಅದರಲ್ಲಿ, ನಾನು ಸಂತೆಗೆ ಹೋಗುವುದು ಅದರಲ್ಲಿ. ಪಾಟಾ ಬಿರುಸಾಗಿದ್ದರಿಂದ ಸಣ್ಣ ತೆಗ್ಗು ಬಂದರೂ ಬೆನ್ನುಹುರಿ ಅಲುಗುತ್ತಿತ್ತು, ಬುಟ್ಟಿಯೊಳಗಿನ ಟೊಮೆಟೊ ಮನೆ ಮುಟ್ಟುವುದರೊಳಗೆ ರಸವಾಗುತ್ತಿತ್ತು. ಪೆಟ್ರೋಲನ್ನಂತೂ ನೀರಿನಂತೆ ಕುಡಿಯುತ್ತಿತ್ತು. ಆದರೂ ಓಣಿಯ ತಿರುವಿನಲ್ಲಿ ಅದರ ಸದ್ದು ಕೇಳಿದರೆ ಮಕ್ಕಳು ಉಣ್ಣುವ ತಾಟು ಬಿಟ್ಟು ಓಡುತ್ತಿದ್ದರು. ಖರೆ ಹೇಳಬೇಕೆಂದರೆ ನನಗೂ ಅದರ ಮೇಲೆ ಮೋಹವಿತ್ತು. ಅದನ್ನು ಓಡಿಸಲು ನನಗೆ ಕಲಿಸಿದವನು ಕಾಸೀಮ. ಇಳಕಲ್ಲಿನ ಹುಡುಗ, ನಮ್ಮ ಬೋರ್ ಯಂತ್ರದ ಮೆಕ್ಯಾನಿಕ್. ಸ್ಪರ್ಧೆಯಲ್ಲಿ ಇವರ ಎಡಗಡೆ ಕೂತು, ಮುಂದೆ ಬರುವ ತಿರುವು, ತೆಗ್ಗುಗಳನ್ನು ಕೂಗಿ ಹೇಳುವವನೂ ಅವನೇ. "ವೈನೀ, ಗಾಡಿಗೆ ಅಂಜಬ್ಯಾಡ್ರಿ, ಅದಕ್ಕ ಗೊತ್ತಾಕ್ಕೈತಿ" ಎಂದು ಸ್ವಂತ ಅತ್ತಿಗೆಗೆ ಹೇಳುವಂತೆ ಹೇಳುತ್ತಿದ್ದ.

ಹಿಂದಿನ ವರ್ಷ ಆ ಟ್ರ್ಯಾಕಿನಲ್ಲಿ ಜೀಪು ಮಗುಚಿ ಬಿತ್ತು. ಕಾಸೀಮ ಅಲ್ಲೇ ತೀರಿಕೊಂಡ. ಇವರನ್ನು ಮೀರಜದ ದವಾಖಾನೆಗೆ ಒಯ್ದರು. ಎಡಗಾಲಿನ ಮೊಣಕಾಲು ಮತ್ತೆ ಮಡಚಲಿಲ್ಲ, ಕ್ಲಚ್ಚು ಒತ್ತುವ ಕಾಲು ಹೋಯಿತು. ಕಾಸೀಮನ ಮಣ್ಣಿಗೆ ಇವರು ಇರಲಿಲ್ಲ. ಆಮೇಲೆಯೂ ಇಳಕಲ್ಲಿಗೆ ಹೋಗಲಿಲ್ಲ. ಹೊರಡುವ ಮಾತು ಬಂದಾಗಲೆಲ್ಲ ಕಾಲು ನೋಯುತ್ತಿತ್ತು. ಆ ದೀಪಾವಳಿಗೆ ಮೊದಲು ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ನಮ್ಮ ಮನೆಗೆ ಬಂದು ಹೇಳಿದರು: "ಕಾಸೀಮನ ಅಪ್ಪ ಹುಸೇನಸಾಬರು ಹೇಳಿ ಕಳಿಸ್ಯಾರ. ಆ ಗಾಡಿ ಒಮ್ಮೆ ತಂದು ತೋರಸ್ರಿ ಅಂದಾರ. ಮತ್ತೇನೂ ಅಂದಿಲ್ಲ."

ಅದಕ್ಕೇ ಹೊರಟಿದ್ದೆವು.

ಬಾಗಲಕೋಟೆಯ ಹಳೇ ಊರು ದಾಟುವಾಗ ಮೋಡ ಕವಿದಿತ್ತು. ಅಣೆಕಟ್ಟಿನ ನೀರಿಗೆ ಊರು ಮುಳುಗಡೆಯಾಗುವ ಮಾತು ಎದ್ದಂದಿನಿಂದ ಅಲ್ಲಿ ಯಾರೂ ಗೋಡೆಗೆ ಸುಣ್ಣ ಹಚ್ಚುತ್ತಿರಲಿಲ್ಲ, ಬಿದ್ದ ಹಂಚು ಎತ್ತಿಡುತ್ತಿರಲಿಲ್ಲ. ಬಾದಾಮಿಯವರೆಗೆ ಇವರು ಆಡಿದ್ದು ಎರಡೇ ಮಾತು: "ಗೇರ್ ಇಳಸು", "ಎಮ್ಮಿ ಅದಾವ ನೋಡು". ಎರಡೂ ಸಲ ನಾನು ಅವರಿಗಿಂತ ಮೊದಲೇ ನೋಡಿದ್ದೆ. ಪ್ರತಿ ತಿರುವಿಗೂ ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯಲು ಹೋಗಿ ತಡೆಯುತ್ತಿತ್ತು.

ಬಾದಾಮಿಯಲ್ಲಿ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಉಂಡೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇವರು ಒಂದು ರೊಟ್ಟಿಯನ್ನು ಮುರಿದು ಮುರಿದು ಗುಡ್ಡೆ ಹಾಕಿದರು, ಉಣ್ಣಲಿಲ್ಲ. ಹೊರಗೆ ಗುಡ್ಡದ ಕೆಂಪು ಬಂಡೆಗಳು ಮೋಡದ ಕೆಳಗೆ ಒಣಗಿದ ರಕ್ತದ ಬಣ್ಣಕ್ಕೆ ತಿರುಗಿದ್ದವು. ಗುಹೆ ನೋಡಲು ಬಂದಿದ್ದ ಯಾರೋ ಜೀಪಿನ ಸುತ್ತ ತಿರುಗಿ, ಕಮಾನನ್ನು ತಟ್ಟಿ, "ರೇಸಿನ ಗಾಡಿ ಏನ್ರಿ? ಎಷ್ಟರ ಜೋರ್ ಓಡತೈತಿ?" ಎಂದು ಕೇಳಿದರು. ಆ ಕಮಾನು ಒಂದು ಕಡೆ ತಗ್ಗಿತ್ತು. ಅದನ್ನು ನೆಟ್ಟಗೆ ಮಾಡಿಸಲು ಇವರು ಒಪ್ಪಿರಲಿಲ್ಲ.

"ಸಂತಿಗೆ ಹೋಗೋ ಗಾಡಿರಿ" ಎಂದು ಇವರು ಹೇಳಿ ಹತ್ತಿ ಕೂತರು.

ಪಟ್ಟದಕಲ್ಲಿನಲ್ಲಿ ನಿಲ್ಲಲಿಲ್ಲ. ಗುಡಿಗಳ ಶಿಖರಗಳ ಹಿಂದೆ ಮಲಪ್ರಭೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಗುಡೂರಿನ ಕಡೆಗೆ ಹೋಗುವಾಗ ಹಿಂದಿನ ದಿನದ ಮಳೆಗೆ ಒಂದು ಹಳ್ಳ ದಾರಿಯನ್ನು ನುಂಗಿತ್ತು. ಈಚೆ ದಂಡೆಯಲ್ಲಿ ಒಂದು ಟೆಂಪೊ ಅಚ್ಚಿನವರೆಗೆ ಹೂತು ನಿಂತಿತ್ತು. ಅದರ ಡ್ರೈವರ್ ಬೀಡಿ ಸೇದುತ್ತ, "ಹೊಳ್ಳಿ ಹೋಗ್ರಿ ಅಕ್ಕಾರ, ಇದು ದಾಟೂದಲ್ಲ" ಎಂದ.

ನಾನು ಇವರ ಮುಖ ನೋಡಿದೆ. ಹೊಳ್ಳಿ ಹೋಗಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುತ್ತಿರಲಿಲ್ಲ. ನಾನು ಹೊರಳಿಸಿದ್ದರೆ ಅವರು ಬೇಡ ಎನ್ನುತ್ತಿರಲಿಲ್ಲವೆಂದು ಈಗಲೂ ನನಗೆ ಅನ್ನಿಸುತ್ತದೆ. ಅವರು ನೀರನ್ನೇ ನೋಡುತ್ತಿದ್ದರು. ಆಮೇಲೆ ತಾವೇ ಕೈ ಚಾಚಿ ಗಿಡ್ಡ ಹಿಡಿಕೆಯನ್ನು ಎಳೆದರು.

"ಫೋರ್‌ವೀಲ್ ಬಿತ್ತು. ಮೊದಲನೇ ಗೇರಿನಾಗ ಬಿಡು. ನಡು ನೀರಾಗ ಕಾಲ ತಗೀಬ್ಯಾಡ."

ನೀರು ಕಾಲಿಡುವ ತಗಡಿನ ಮಟ್ಟಕ್ಕೆ ಬಂತು. ಹಿಂದಿನ ಗಾಲಿ ಒಮ್ಮೆ ಜಾರಿತು, ಮುಂದಿನ ಗಾಲಿಗಳು ಕಚ್ಚಿ ಎಳೆದವು, ಜೀಪು ಮುಲುಗುತ್ತ ಆಚೆ ದಂಡೆ ಹತ್ತಿತು. ಹಿಂದೆ ಡ್ರೈವರ್ ಸೀಟಿ ಹೊಡೆದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. ಇನ್ನು ಇಳಕಲ್ಲಿಗೂ ನಮಗೂ ನಡುವೆ ಅಡ್ಡ ಬರುವುದೇನೂ ಉಳಿದಿರಲಿಲ್ಲ.

ಇಳಕಲ್ಲು ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಹುಸೇನಸಾಬರ ಓಣಿಯಲ್ಲಿ ಜೀಪು ಹಿಡಿಯಲಿಲ್ಲ, ಓಣಿಯ ಬಾಯಲ್ಲೇ ನಿಲ್ಲಿಸಿದೆ. ಎರಡೂ ಬದಿಯ ಮನೆಗಳಿಂದ ಕುಣಿಮಗ್ಗಗಳ ಟಕಟಕ ಕೇಳುತ್ತಿತ್ತು. ಅದರಲ್ಲೊಂದು ಮಗ್ಗ ನಿಂತಿತು. ಬಿಳಿ ಗಡ್ಡದ, ತೆಳ್ಳಗಿನ ಮುದುಕರೊಬ್ಬರು ಗೋಡೆ ಹಿಡಿದು ಬಂದರು. ಇವರು ಊರುಗೋಲಿನ ಮೇಲೆ ಇಳಿದು ನಿಂತು ಕೈ ಮುಗಿದರು.

"ಕಾಲು ಹೆಂಗೈತ್ರಿ?" ಹುಸೇನಸಾಬರೇ ಕೇಳಿದರು.

"ಐತ್ರಿ... ಹಿಂಗ ಐತಿ."

ಮುದುಕರು ಜೀಪಿನ ಸುತ್ತ ಒಮ್ಮೆ ಸಾವಧಾನವಾಗಿ ನಡೆದರು. ತಗ್ಗಿದ ಕಮಾನಿನ ಮೇಲೆ ಬೆರಳಾಡಿಸಿದರು. ನೇಯ್ಗೆಯಲ್ಲಿ ಎಳೆ ಕಡಿದ ಜಾಗ ಹುಡುಕುವವರಂತೆ ಕಂಡರು. ಆಮೇಲೆ ಎಡಗಡೆಯ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು.

"ಇಲ್ಲೇ ಕುಂಡ್ರತಿದ್ನಾ?"

"ಹೂಂ ರಿ" ಎಂದೆ ನಾನು.

ಅವರು ಹತ್ತಿ ಕೂತರು. "ಮಗಳ, ಇವರೂ ನನ್ನ ಮಗಾನೂ ಕಲ್ಲಿನ ಗಣಿ ಹಂತ್ಯಾಕ ಗಾಡಿ ತಿರಗಸ್ತಿದ್ರಂತ. ನಾ ಒಮ್ಮೆನೂ ನೋಡಾಕ ಹೋಗಲಿಲ್ಲ. ಅಲ್ಲಿಗೆ ಹೊಡಿ."

ಇವರು ಹಿಂದಿನ ಬಾಕಿನ ಮೇಲೆ ಕಾಲು ನೀಡಿ ಕೂತರು. ಊರ ಹೊರಗೆ ಗುಲಾಬಿ ಬಣ್ಣದ ಕಲ್ಲಿನ ದೊಡ್ಡ ದೊಡ್ಡ ತುಂಡುಗಳು ಹನಿಮಳೆಗೆ ತೊಯ್ದು ಬಿದ್ದಿದ್ದವು. ಅವುಗಳ ನಡುವಿನ ಬಯಲಿನಲ್ಲಿ ಒಂದು ಸುತ್ತು ಹಾಕಿದೆ.

"ಹಿಂಗ ಓಡಸ್ತಿದ್ರೇನು? ಇದು ಚಕ್ಕಡಿ ಹೋದಂಗ ಹೋತು" ಎಂದರು ಹುಸೇನಸಾಬರು. "ಅಂವ ಹೋದಂಗ ಹೊಡಿ."

ನಾನು ಹಿಂದೆ ನೋಡಿದೆ. ಇವರು ತಲೆ ತಗ್ಗಿಸಿಕೊಂಡಿದ್ದರು. ನಾನು ಗೇರು ಏರಿಸಿದೆ. ಕೆಸರು ಕಲ್ಲಿನ ತುಂಡುಗಳಿಗೆ ಸಿಡಿಯಿತು. ತಿರುವಿನಲ್ಲಿ ಜೀಪು ಒಂದು ಬದಿಗೆ ವಾಲಿ, ಜಾರಿ, ಮತ್ತೆ ಹಿಡಿತಕ್ಕೆ ಬಂತು. ಆಗ ಮುದುಕರು ಎರಡೂ ಕೈಯಿಂದ ಮುಂದಿನ ಕಂಬಿಯನ್ನು ಹಿಡಿದು ಕೂಗಿದರು:

"ಸಾವಕಾಶ! ಸಾವಕಾಶ!"

ನಾನು ಬ್ರೇಕು ತುಳಿದೆ. ಜೀಪು ಅಡ್ಡಡ್ಡವಾಗಿ ನಿಂತಿತು. ನಾನು ತುಳಿದದ್ದು ವೇಗಕ್ಕೆ ಅಂಜಿ ಅಲ್ಲ, ಆ ಮಾತಿಗೆ. ಮೀರಜದಲ್ಲಿ ಪ್ರಜ್ಞೆ ಬಂದ ಮೊದಲ ದಿನ ಇವರು ನನ್ನ ಕೈ ಹಿಡಿದು ಹೇಳಿದ್ದರು, ಕಾಸೀಮ ಕೊನೆಗೆ ಕೂಗಿದ ಮಾತು ಅದೇ ಎಂದು. "ಸಾವಕಾಶ ಅಣ್ಣಾ, ಸಾವಕಾಶ." ಇವರು ಸಾವಕಾಶ ಮಾಡಿರಲಿಲ್ಲ. ಮುಂದೆ ಒಂದೇ ಒಂದು ಗಾಡಿ ಇತ್ತಂತೆ.

ಹುಸೇನಸಾಬರು ಉಸಿರು ಸುಧಾರಿಸಿಕೊಂಡು ಹಿಂದೆ ತಿರುಗಿದರು. "ಮಲ್ಲಣ್ಣಾರ, ಒಂದ ಮಾತು ಕೇಳ್ತೇನಿ. ಕಡೀಕ ಅಂವ ಅಂಜಿದ್ದನೇನು?"

ಎಂಜಿನ್ ಆರಿಸಿದ್ದೆ. ಇವರು ತಲೆ ಎತ್ತಿದರು.

"ಇಲ್ರಿ. ನಗಾಕತ್ತಿದ್ದ. ಹೊಡೀ ಅಣ್ಣಾ, ಇನ್ನೂ ಹೊಡಿ ಅಂತ ನಗಾಕತ್ತಿದ್ದ."

ಮುದುಕರು ಅವರನ್ನು ಬಹಳ ಹೊತ್ತು ನೋಡಿದರು. ಸಿಟ್ಟಿನಿಂದ ಅಲ್ಲ. ದಣಿದವರು ನೋಡುವಂತೆ.

"ಸಣ್ಣವ ಇದ್ದಾಗ ಚಕ್ಕಡಿ ಸ್ವಲ್ಪ ವಾಲಿದ್ರ ಸಾಕು, ನನ್ನ ಅಂಗಿ ಹಿಡಕೊಂಡು ಕಣ್ಣು ಮುಚ್ಚತಿದ್ದ. ಅಂಜಬುರಕ ಹುಡುಗ. ನೀವು ನನ್ನ ಸಲವಾಗಿ ಹೇಳಾಕತ್ತೀರಿ." ಅವರು ಮತ್ತೆ ಮುಂದೆ ತಿರುಗಿ ಕೂತರು. "ಇರ್ಲಿ. ಇನ್ನೊಮ್ಮೆ ಹೇಳ್ರಿ."

ಇವರು ಇನ್ನೊಮ್ಮೆ ಹೇಳಿದರು. ಈ ಸಲ ಉದ್ದವಾಗಿ ಹೇಳಿದರು. ಕಾಸೀಮನ ತಲೆಗೆ ಕಟ್ಟಿದ್ದ ಕರವಸ್ತ್ರ ಗಾಳಿಗೆ ಹಾರಿದ್ದು, ಹಲ್ಲಿಗೆ ಮಣ್ಣು ಮೆತ್ತಿದ್ದು, ಅವನ ನಗು. ಮುದುಕರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಸಾಕು. ಮನಿ ಕಡೆ ಹೊಡಿ ಮಗಳ" ಎಂದರು.

ಓಣಿಯ ಬಾಯಲ್ಲಿ ಚಹಾ ತರಿಸಿದರು. ಜೀಪನ್ನು ಏನು ಮಾಡಲಿ ಎಂದು ಇವರು ಕೇಳಿದಾಗ, "ಅದು ಕಬ್ಬಿಣರಿ. ಅದಕ್ಕೇನು ಗೊತ್ತು? ಮಕ್ಕಳನ್ನ ಸಾಲಿಗೆ ಬಿಡ್ರಿ" ಎಂದರು. ಹಬ್ಬಕ್ಕೆ ಮತ್ತೆ ಬರುತ್ತೇವೆ ಎಂದು ನಾನು ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಬ್ಯಾಡ ಮಗಳ. ನೀವು ಬಂದ್ರ ನಾ ಚಲೋ ಮಾತು ಆಡಬೇಕಾಕ್ಕೈತಿ. ಇವತ್ತ ಆಡೀನಿ. ಸಲಸಲಕ್ಕೂ ಆಡೋ ಶಕ್ತಿ ನನಗಿಲ್ಲ."

ಚಹಾದ ಕಪ್ಪು-ಬಸಿಗಳನ್ನು ಎತ್ತಿಕೊಂಡು ಅವರು ಓಣಿಯೊಳಗೆ ನಡೆದರು. ನಾನು ಜೀಪು ಹೊರಳಿಸುವಾಗ ನಿಂತಿದ್ದ ಮಗ್ಗ ಮತ್ತೆ ಶುರುವಾದದ್ದು ಕೇಳಿತು.

ತಿರುಗಿ ಬರುವಾಗ ನೇರ ದಾರಿ ಹಿಡಿದೆವು. ಹುನಗುಂದದ ಹತ್ತಿರ ಮಳೆ ಜೋರಾಯಿತು. ಬಾಗಿಲಿಲ್ಲದ ಜೀಪಿನೊಳಗೆ ಎರಡೂ ಬದಿಯಿಂದ ಇರಚಲು ಹೊಡೆಯುತ್ತಿತ್ತು. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಆಗ ಇವರು, ನನ್ನನ್ನು ನೋಡದೆ, ಹೇಳಿದರು:

"ಮೊದಲನೇ ಸಲ ಸುಳ್ಳ ಹೇಳಿದೆ. ಎರಡನೇ ಸಲ ಹೇಳೋವಾಗ ಅಂವ ಖರೇನ ನಕ್ಕಂಗ ಕಾಣ್ತು. ಮಾರಿ ನೋಡಿದೆ ನಾ, ಹಲ್ಲಿನ ಮಣ್ಣ ಸೈತ ನೋಡಿದೆ. ಈಗ ಯಾವುದು ಖರೆ ಅನ್ನೂದ ತಿಳೀವಲ್ದು. ಅಂವ ಕೂಗಿದ್ನೇನು? ನಿನಗ ಏನರ ಹೇಳಿದ್ದೆ ಏನು ನಾ?"

ಮಳೆ ಜೀಪಿನ ಮುಂದಿನ ತಗಡಿನ ಮೇಲೆ ಬಡಿಯುತ್ತಿತ್ತು. ಅವರ ಮುಖದಲ್ಲಿ ಒಂದು ವರ್ಷದಿಂದ ನಾನು ನೋಡಿರದ ನೆಮ್ಮದಿಯ ನೆರಳಿತ್ತು. ಅದನ್ನು ನೋಡಿ ನನಗೆ ಅಂಜಿಕೆಯಾಯಿತು.

"ಇಲ್ಲ. ಏನೂ ಹೇಳಿರಲಿಲ್ಲ" ಎಂದೆ.

ಅವರು ತಲೆಯಾಡಿಸಿ, ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಕಾಸೀಮ ಕೊನೆಗೆ ಆಡಿದ ಮಾತು ಈಗ ನನ್ನೊಬ್ಬಳ ಹತ್ತಿರ ಮಾತ್ರ ಉಳಿಯಿತು. ಮಳೆ ನಿಲ್ಲುವವರೆಗೂ ಕಾಯದೆ ಜೀಪು ಶುರು ಮಾಡಿದೆ. ಅಮೀನಗಡ ದಾಟುವ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿತ್ತು.